ಮೆಕ್ಕೆಜೋಳದ ಧೂಳು, ಮೋಟಾರಿನ ಬಿಸಿ
1977ರ ಡಿಸೆಂಬರ್ 22ರಂದು ಅಮೆರಿಕದ ಲೂಯಿಸಿಯಾನಾ ರಾಜ್ಯದ ವೆಸ್ಟ್‌ವೇಗೋದಲ್ಲಿ ಧಾನ್ಯ ಸಂಗ್ರಹಾಗಾರವೊಂದು ಸ್ಫೋಟಿಸಿ 36 ಜನ ಸತ್ತರು. ಸಿಡಿದದ್ದು ಧಾನ್ಯದ ಧೂಳು.

ನಮ್ಮ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಗೋದಾಮುಗಳಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮೋಟಾರಿನ ಮೇಲೆ. ಅದರ ಮೈಮೇಲೆ ಧೂಳು ದಪ್ಪಗೆ ಕೂತಿದ್ದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಆ ಪದರವೇ ಒಳಗೊಳಗೇ ಕರಕಲಾಗಿ ಹೊಗೆಯಾಡತೊಡಗುತ್ತದೆ. ಆ ಕೆಂಡ ಗಾಳಿಯಲ್ಲಿ ದಟ್ಟವಾಗಿ ತೇಲುವ ಧೂಳಿಗೆ ತಾಗಿದರೆ ಮೊದಲ ಸ್ಫೋಟವಾಗಿ, ಅದರ ಹೊಡೆತಕ್ಕೆ ತೊಲೆ, ಪೈಪುಗಳ ಮೇಲಿನ ಧೂಳೆಲ್ಲ ಎದ್ದು, ಕಟ್ಟಡವನ್ನೇ ಕೆಡವಬಲ್ಲ ಎರಡನೆಯ ಸ್ಫೋಟಕ್ಕೆ ಆಹಾರವಾಗುತ್ತದೆ. ಅಮೆರಿಕದ 1987ರ ನಿಯಮದ ಪ್ರಕಾರ ಹೆಚ್ಚು ಅಪಾಯದ ಜಾಗಗಳಲ್ಲಿ ಧೂಳಿನ ಪದರ ಸುಮಾರು 3 ಮಿಲಿಮೀಟರ್ ಮೀರಿದರೆ ಕೂಡಲೇ ತೆಗೆಯಬೇಕು. ಯಂತ್ರ ಓಡುತ್ತಿರುವಾಗಲೇ ಕಂಪ್ರೆಸರ್ ಗಾಳಿಯಿಂದ ಧೂಳು ಊದುವ ಅಭ್ಯಾಸ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಕೇಬಲ್ ಒಳಹೋಗುವ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂತು ತೂತು ಮುಚ್ಚುವ ಬಿಡಿಭಾಗ) ಬದಲು ಗೋಣಿಯ ತುಂಡು ತುರುಕಿದ ವಿದ್ಯುತ್ ಬೋರ್ಡನ್ನೂ ಕಂಡಿದ್ದೇನೆ. ಅಂಥಲ್ಲಿ ಕಾಂಟ್ಯಾಕ್ಟರ್ (ಮೋಟಾರಿಗೆ ವಿದ್ಯುತ್ ಕೊಟ್ಟು ಕಡಿಯುವ ಸ್ವಿಚ್ಚು) ಬಿಡುವಾಗಿನ ಕಿಡಿ ಹಾರುವುದು ಧೂಳಿನ ನಡುವೆಯೇ. ಬೋರ್ಡು, ಸ್ಟಾರ್ಟರ್‌ಗಳನ್ನು ಧೂಳು ಬಾರದ ಬೇರೆ ಕೋಣೆಗೆ ಸಾಗಿಸಿ, ಒಳಗೇ ಇರಬೇಕಾದ ಮೋಟಾರು, ದೀಪಗಳನ್ನು ಸ್ಫೋಟಕ ಧೂಳಿರುವ ಜಾಗಕ್ಕೆಂದೇ ಪ್ರಮಾಣೀಕರಿಸಿದವುಗಳಲ್ಲಿ ಆರಿಸಬೇಕೆಂದು ಮಾಲೀಕರನ್ನು ಕೈಮುಗಿದು ಕೇಳುತ್ತೇನೆ.