ರಾತ್ರಿ ಬಸ್ಸಿನಲ್ಲಿ ಸ್ಕ್ರೀನ್ ಆರಿಸು ಅಂದರು: ಹುಬ್ಬಳ್ಳಿಯವನ ಒಂದು ತಿಂಗಳ ಜಪಾನ್ ಗೇಮಿಂಗ್ ಪ್ರವಾಸ

ನಾನು ಹುಬ್ಬಳ್ಳಿ–ಬೆಂಗಳೂರು ಸ್ಲೀಪರ್ ಬಸ್ಸಿನಲ್ಲಿ ಎಂಟು ವರ್ಷ ಓಡಾಡಿದವನು. ಕೆಳಗಿನ ಬರ್ತಿನವರು ರಾಣೆಬೆನ್ನೂರು ದಾಟುವ ತನಕ ಜೋರಾಗಿ ರೀಲ್ಸ್ ಹಚ್ಚಿರುತ್ತಾರೆ, ಎದುರಿನವರು ವಿಡಿಯೋ ಕಾಲ್‌ನಲ್ಲಿ ಮನೆಮಂದಿಗೆಲ್ಲ ಬಸ್ಸು ತೋರಿಸುತ್ತಿರುತ್ತಾರೆ, ನಾನು ಗೇಮ್ ಆಡುತ್ತಲೇ ತುಮಕೂರು ಮುಟ್ಟುತ್ತೇನೆ. ಅದೇ ಧೈರ್ಯದಲ್ಲಿ ಟೋಕಿಯೋದಿಂದ ಒಸಾಕಾಗೆ ರಾತ್ರಿ ಬಸ್ ಬುಕ್ ಮಾಡಿದೆ. ಎಂಟೂವರೆ ತಾಸಿನ ದಾರಿ. ಕೈಯಲ್ಲಿ ಹಿಡಿದು ಆಡುವ ಗೇಮ್ ಮಶೀನ್ ಸ್ಟೀಮ್ ಡೆಕ್ ಪೂರ್ತಿ ಚಾರ್ಜ್ ಮಾಡಿ, ಎರಡು ವರ್ಷದಿಂದ ಅರ್ಧಕ್ಕೆ ಬಿಟ್ಟಿದ್ದ ಒಂದು ಗೇಮ್ ಇವತ್ತು ಮುಗಿಸಿಯೇ ಬಿಡುವುದು ಅಂತ ಕೂತೆ.

ಶಿಂಜುಕುವಿನ ದೊಡ್ಡ ಬಸ್ ನಿಲ್ದಾಣದಿಂದ ಹೊರಟ ಮೇಲೆ ಒಂದು ಕಡೆ ಹದಿನೈದು ನಿಮಿಷ ನಿಲ್ಲಿಸಿದರು. ಮತ್ತೆ ಹತ್ತಿದ ಕೂಡಲೇ ಎಲ್ಲ ದೀಪ ಆರಿಸಿದರು. ಕಿಟಕಿಗೆ ಪರದೆ, ಡ್ರೈವರ್ ಮತ್ತು ನಮ್ಮ ನಡುವೆಯೂ ಪರದೆ. ಬಾವಿಯೊಳಗೆ ಇಳಿಸಿದ ಹಾಗೆ ಕತ್ತಲು. ನಾನು ಸುಮ್ನೆ ಡೆಕ್ ಆನ್ ಮಾಡಿದೆ. ಹಿಂದಿನ ಸೀಟಿನಲ್ಲಿ ಯಾರೋ ಒಮ್ಮೆ ಕೆಮ್ಮಿದರು, ಆಮೇಲೆ ಇನ್ನೊಮ್ಮೆ. ಐದು ನಿಮಿಷಕ್ಕೆ ಎರಡನೇ ಡ್ರೈವರ್ ಬಂದು, ತಲೆ ಬಗ್ಗಿಸಿ, ಎರಡೂ ಕೈ ಅಡ್ಡಡ್ಡ ಹಿಡಿದು ತೋರಿಸಿದ. ಬಂದ್ ಮಾಡು ಅಂತ. ಇಡೀ ಬಸ್ಸಿನಲ್ಲಿ ಬೆಳಕಿದ್ದದ್ದು ನನ್ನ ಮುಖದ ಮೇಲೆ ಮಾತ್ರ, ಹಾಗಾಗಿ ನಾಚಿಕೆಯೂ ಪೂರ್ತಿ ನನ್ನದೇ. ಬೆಳಿಗ್ಗೆ ತನಕ ಕಣ್ಣು ಬಿಟ್ಟುಕೊಂಡು ಕೂತೆ. ಸಾಲಿಗೆ ನಾಲ್ಕು ಸೀಟಿನ ಬಸ್ಸು ಅದು, ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಿತ್ತು, ಬಸ್ಸಿನಲ್ಲಿ ಟಾಯ್ಲೆಟ್ ಇರಲಿಲ್ಲ. ನಮ್ಮ ಹಾಗೆ ಮಲಗುವ ಬರ್ತ್ ಅಲ್ಲಿ ಸಿಗುತ್ತದೆ ಅಂತ ಅಂದುಕೊಳ್ಳಲೇಬೇಡಿ. ಹೋಗಲೇಬೇಕಾದರೆ ಸಾಲಿಗೆ ಮೂರು ಸೀಟಿನ ಬಸ್ ನೋಡಿ, ರೊಕ್ಕ ಜಾಸ್ತಿ ಆದರೂ. ರಾತ್ರಿ ಪೂರ್ತಿ ಆಡುತ್ತೇನೆ ಅನ್ನೋ ಆಸೆ ಮನೆಯಲ್ಲೇ ಬಿಟ್ಟು ಬನ್ನಿ.

ಇನ್ನು ಹೊರಡುವ ವಿಷಯ. ಕೆಲಸ ಬದಲಿಸುವ ನಡುವೆ ಒಂದು ತಿಂಗಳು ಬಿಡುವು ಸಿಕ್ಕಿತ್ತು, ಕಳೆದ ನವೆಂಬರ್. ಬೆಂಗಳೂರಿನಿಂದ ಟೋಕಿಯೋ ಬಳಿಯ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ, ನಾನು ದುಡ್ಡು ಉಳಿಸಲು ಬ್ಯಾಂಕಾಕ್ ಮೇಲೆ ಹೋದೆ. ಇಡೀ ಪ್ರವಾಸಕ್ಕೆ ಎಲ್ಲ ಸೇರಿ 2 ಲಕ್ಷ 60 ಸಾವಿರ ಆಯಿತು. 100 ಯೆನ್‌ಗೆ 58 ರೂಪಾಯಿಯ ಆಸುಪಾಸು ಇತ್ತು, ನಾನು 60 ಅಂತಲೇ ಲೆಕ್ಕ ಹಾಕುತ್ತಿದ್ದೆ. ಪವರ್ ಬ್ಯಾಂಕ್, ಡೆಕ್ ಎಲ್ಲವೂ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸೂಟ್‌ಕೇಸಿಗೆ ಪವರ್ ಬ್ಯಾಂಕ್ ಹಾಕಿದರೆ ಕರೆದು ತೆಗೆಸುತ್ತಾರೆ. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್ ಅಂದರೆ 74, ತೊಂದರೆಯಿಲ್ಲ. ನಿಮ್ಮ ಇಂಡಿಯಾ ಸಿಮ್‌ಗೆ ರೋಮಿಂಗ್ ಆನ್ ಮಾಡಿಸಿಕೊಂಡೇ ಹೋಗಿ, ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಅದು ಬರದೆ ಒಂದು ಇಡೀ ಮಧ್ಯಾಹ್ನ ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಕಳೆದಿದ್ದೇನೆ.

ಇಷ್ಟು ದಿನ ಅಂತ ಒಮ್ಮೆ ದುಡ್ಡು ಕೊಟ್ಟು ಬೇಕಾದಷ್ಟು ಓಡಾಡುವ ರೈಲಿನ ಜೆಆರ್ ಪಾಸ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಅದು ಹಳೆಯ ಮಾತು. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋ–ಕ್ಯೋಟೋ ಬುಲೆಟ್ ಟ್ರೇನ್ ಟಿಕೆಟ್ ಒಂದು ಕಡೆಗೆ ಸುಮಾರು 14,000. ಹೋಗಿ ಬಂದರೂ 28,000. ನೀವೇ ಲೆಕ್ಕ ಹಾಕಿ. ಆ ರಾತ್ರಿ ಬಸ್ಸಿನ ನಂತರ ವಾಪಸ್ ಬರುವಾಗ ನಾನು ಬುಲೆಟ್ ಟ್ರೇನೇ ಹತ್ತಿದೆ. ಅಲ್ಲಿ ಯಾರೂ ಕೆಮ್ಮಲಿಲ್ಲ.

ಎರಡನೇ ಪೆಟ್ಟು ರೂಮಿನದು. ಟೋಕಿಯೋದಲ್ಲಿ 'ಗೇಮಿಂಗ್ ರೂಮ್' ಅಂತ ಫೋಟೋ ಹಾಕಿದ್ದರು. ಬಣ್ಣದ ಲೈಟು, ದೊಡ್ಡ ಮಾನಿಟರ್, ಓಲಾಡುವ ಕುರ್ಚಿ. ಒಂದು ರಾತ್ರಿಗೆ 14,000 ಯೆನ್. ಎರಡು ರಾತ್ರಿ ಹಾಕಿದೆ, ತಲೆ ಕೆಟ್ಟಿತ್ತು. ರೂಮಿಗೆ ಕಿಟಕಿಯೇ ಇಲ್ಲ. ಕಂಪ್ಯೂಟರ್ ಏನೋ ಚೆನ್ನಾಗಿತ್ತು, ಆದರೆ ವಿಂಡೋಸ್ ಪೂರ್ತಿ ಜಪಾನಿ ಭಾಷೆಯಲ್ಲಿ, ಕೀಬೋರ್ಡ್ ಕೂಡ ಜಪಾನಿನದು. ಸ್ಪೇಸ್ ಬಾರ್ ಗಿಡ್ಡ, ಅದರ ಅಕ್ಕಪಕ್ಕ ಏನೇನೋ ಕೀಲಿ, ತಪ್ಪಿ ಮುಟ್ಟಿದರೆ ಅಕ್ಷರ ಜಪಾನಿಗೆ ತಿರುಗುತ್ತದೆ. ನನ್ನ ಪಾಸ್‌ವರ್ಡ್‌ನಲ್ಲಿ 'ಅಟ್' (@) ಗುರುತು ಇದೆ. ಶಿಫ್ಟ್ ಒತ್ತಿ 2 ಒತ್ತಿದರೆ ಅಲ್ಲಿ ಬೀಳುವುದು ಉದ್ಧರಣ ಚಿಹ್ನೆ, ಪಾಸ್‌ವರ್ಡ್ ಚುಕ್ಕಿಗಳ ಹಿಂದೆ ಅದು ಕಾಣುವುದೂ ಇಲ್ಲ. ಮೂರು ಸಲ, ನಾಲ್ಕು ಸಲ, ಆಮೇಲೆ ಅಕೌಂಟ್ ಸ್ವಲ್ಪ ಹೊತ್ತು ಲಾಕ್. 'ಅಟ್' ಇರುವುದು ಪಿ ಪಕ್ಕದ ಕೀಲಿಯಲ್ಲಿ ಅಂತ ಗೊತ್ತಾಗುವಷ್ಟರಲ್ಲಿ ರಾತ್ರಿ ಒಂದೂವರೆ. ಕೆಳಗೆ ಹೋಗಿ ಕೇಳಿದರೆ ಕೌಂಟರಿನಲ್ಲಿ ಮನುಷ್ಯರೇ ಇಲ್ಲ, ಬರೀ ಟ್ಯಾಬ್ಲೆಟ್.

ಅದರ ಬದಲು ನೆಟ್ ಕೆಫೆಗೆ ಹೋಗಿ. ಹುಬ್ಬಳ್ಳಿಯಲ್ಲಿ ನಾವು ಶಾಲೆ ತಪ್ಪಿಸಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಸೈಬರ್ ಕೆಫೆ ನೆನಪಿದೆಯಲ್ಲ, ಅದಕ್ಕೆ ಹಾಸಿಗೆ, ಕಾಮಿಕ್ಸ್ ಲೈಬ್ರರಿ, ಶವರ್ ಮತ್ತು ಬೇಕಾದಷ್ಟು ಕುಡಿಯುವ ಕಾಫಿ ಮಶೀನ್ ಸೇರಿಸಿ. ಪಾಸ್‌ಪೋರ್ಟ್ ತೋರಿಸಿ ಮೆಂಬರ್ ಆದರೆ ಸಾಕು. ನಾನು 12 ತಾಸಿಗೆ 2,900 ಯೆನ್ ಕೊಟ್ಟೆ. ಗೋಡೆ ತೆಳು, ಪಕ್ಕದವರ ಗೊರಕೆ ಕೇಳುತ್ತದೆ. ನನಗೆ ಗೊರಕೆ ನಡೆಯುತ್ತದೆ, ಗದ್ದಲ ನಡೆಯುವುದಿಲ್ಲ. ಮನೆಮಂದಿ ಕರೆದುಕೊಂಡು ಹೋಗುವವರು ಈ ಸಲಹೆ ಬಿಟ್ಟುಬಿಡಿ.

ಗದ್ದಲದ ಮಾತು ಬಂತು, ಅದಕ್ಕೇ ಟೋಕಿಯೋದ ಹೆಸರುವಾಸಿ ಗೇಮ್ ಮತ್ತು ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬಾರಾ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಭಾನುವಾರ ಹೋದೆ, ದೀಪಾವಳಿ ಹಿಂದಿನ ದಿನದ ಹುಬ್ಬಳ್ಳಿ ದುರ್ಗದ ಬೈಲ್ ಪೇಟೆಯ ಹಾಗಿತ್ತು, ಹೊರಗೆ ಬಂದೆ. ಹಳೆಯ ಗೇಮ್, ಗೊಂಬೆ ಇಂಥದ್ದು ಬೇಕಾದರೆ ನಕಾನೋ ಬ್ರಾಡ್‌ವೇ ಅನ್ನೋ ಹಳೆಯ ಶಾಪಿಂಗ್ ಕಟ್ಟಡಕ್ಕೆ ಹೋಗಿ. ವಾರದ ನಡುವೆ, ಮಧ್ಯಾಹ್ನ ಹನ್ನೆರಡರ ಮೇಲೆ. ಬೇಗ ಹೋದರೆ ಅರ್ಧ ಶಟರ್ ಮುಚ್ಚಿರುತ್ತವೆ.

ನಾನು ನಿಜವಾಗಿ ಖುಷಿಪಟ್ಟದ್ದು ಟೋಕಿಯೋದ ತಕದನೋಬಾಬಾದಲ್ಲಿರುವ ಮಿಕಾಡೋ ಅನ್ನೋ ಗೇಮ್ ಸೆಂಟರಿನಲ್ಲಿ. ಹಳೆಯ ಮಶೀನುಗಳು ಸಾಲಾಗಿ, ಒತ್ತೊತ್ತಾಗಿ. 100 ಯೆನ್ ನಾಣ್ಯ ಹಾಕಿ ಆಡುವುದು. ಆಫೀಸು ಮುಗಿಸಿ ಸೂಟು ಬೂಟಿನಲ್ಲೇ ಬಂದ ಐವತ್ತು ವಯಸ್ಸಿನ ಕಾಕಾಗಳು ಕಾಲ ಬಳಿ ಬ್ಯಾಗ್ ಇಟ್ಟು, ಮುಖದಲ್ಲಿ ಒಂದು ಗೆರೆಯೂ ಅಲುಗಾಡದ ಹಾಗೆ ಆಡುತ್ತಿರುತ್ತಾರೆ. ನಾನು ಒಂದು ಹೊಡೆದಾಟದ ಗೇಮ್ ಮುಂದೆ ಕೂತು ಕಂಪ್ಯೂಟರ್ ಜೊತೆ ಆರಾಮಾಗಿ ಆಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಹೊಸ ಎದುರಾಳಿ ಬಂದಿದ್ದಾನೆ ಅಂತ ಸ್ಕ್ರೀನ್ ಹೇಳಿತು, ನಲವತ್ತು ಸೆಕೆಂಡಿನಲ್ಲಿ ನನ್ನ ಕಥೆ ಮುಗಿಯಿತು. ಯಾರು ಅಂತ ತಿಳಿಯದೆ ಮತ್ತೆ ನಾಣ್ಯ ಹಾಕಿದೆ, ಮತ್ತೆ ಸೋತೆ. ಎದ್ದು ನೋಡಿದರೆ ಮಶೀನ್ ಹಿಂದೆ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಮಶೀನ್, ಅಲ್ಲೊಬ್ಬ ಕಾಕಾ. ಅಲ್ಲಿ ಕೇಳುವ ಪದ್ಧತಿ ಇಲ್ಲ. ಆ ಕಡೆಯವರು ನಾಣ್ಯ ಹಾಕಿದರೆ ಜಗಳ ಶುರುವಾದ ಹಾಗೆಯೇ. ಗೆದ್ದವರು ಕೂತೇ ಇರುತ್ತಾರೆ, ಸೋತವರ ನಾಣ್ಯ ಹೋಗುತ್ತದೆ. ಒಂದೂವರೆ ತಾಸಿನಲ್ಲಿ 1,700 ಯೆನ್ ಕಳೆದುಕೊಂಡೆ. ಒಮ್ಮೆ ಮಾತ್ರ ಒಂದು ರೌಂಡ್ ಗೆದ್ದೆ, ಆಗ ಆ ಕಾಕಾ ಪಕ್ಕಕ್ಕೆ ಬಗ್ಗಿ ನನ್ನ ಮುಖ ನೋಡಿದರು. ಒಬ್ಬರೇ ಸಮಾಧಾನವಾಗಿ ಆಡಬೇಕು ಅಂದರೆ ಹಿಂದೆ ಜೋಡಿ ಇಲ್ಲದ ಮಶೀನ್ ಹುಡುಕಿ, ಇಲ್ಲವೇ ವಿಮಾನ ಹೊಡೆಯುವ ಗೇಮ್‌ಗಳಿಗೆ ಹೋಗಿ. ನಾಣ್ಯ ಮಾಡಿಸುವ ಮಶೀನ್ ಅಲ್ಲೇ ಇರುತ್ತದೆ, 1,000 ಯೆನ್ ನೋಟು ಇಟ್ಟುಕೊಂಡಿರಿ. ಗೇಮ್ ಸೆಂಟರುಗಳು ರಾತ್ರಿ 12ರ ಹೊತ್ತಿಗೆ ಮುಚ್ಚುತ್ತವೆ, ಕಾನೂನೇ ಹಾಗಿದೆ.

ಕೊಕ್ಕೆಯಿಂದ ಗೊಂಬೆ ಎತ್ತುವ ಮಶೀನ್ ಹತ್ತಿರ ಹೋಗಬೇಡಿ. 3,200 ಯೆನ್. ಅಷ್ಟೇ ಹೇಳುತ್ತೇನೆ. ಡೋಲು ಬಾರಿಸುವ ತಾಯ್ಕೊ ಗೇಮ್ ಮಾತ್ರ ಬಿಡಬೇಡಿ. ಅಲ್ಲಿನ ಹುಡುಗರು ಮನೆಯಿಂದ ತಮ್ಮದೇ ಕೋಲು ತಂದು ಬಾರಿಸುತ್ತಾರೆ. ಹೋಳಿಯಲ್ಲಿ ಜಗ್ಗಲಗಿ ಬಾರಿಸಿ ಬೆಳೆದ ಕೈ ನಮ್ಮದು ಅಂತ ಜಂಬದಿಂದ ನಿಂತೆ. ಎರಡನೇ ಹಂತದಲ್ಲೇ ಕೆಳಗಿಳಿಸಿತು. ನಮ್ಮ ಪೆಟ್ಟು ಬೇರೆ, ಅದರ ಪೆಟ್ಟು ಬೇರೆ.

ಊಟದ ಮಾತು. ನಾವು ಮನೆಯಲ್ಲಿ ಮೊಟ್ಟೆಯನ್ನೂ ತರದವರು. ಅಲ್ಲಿ ನೋಡಲು ಬರೀ ತರಕಾರಿ ಕಂಡರೂ ಸಾರಿನ ತಳದಲ್ಲಿ ಮೀನಿನ 'ದಾಶಿ' ಇರುತ್ತದೆ, ಸೋಬಾ ಅನ್ನೋ ನೂಡಲ್ಸ್‌ನಲ್ಲೂ, ಮಿಸೋ ಸೂಪಿನಲ್ಲೂ. ಅವ್ವ 40 ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಟ್ಟಿದ್ದಳು, ಹತ್ತು ದಿನ ಅದರ ಮೇಲೆಯೇ ನಡೆಯಿತು. ಆಮೇಲೆ ಒಸಾಕಾದಲ್ಲಿ ಸಿಕ್ಕಿತು ಆ ಅಂಗಡಿ. ಡೆನ್ ಡೆನ್ ಟೌನ್ ಅಂತ ಎಲೆಕ್ಟ್ರಾನಿಕ್ಸ್ ಮತ್ತು ಗೇಮ್ ಅಂಗಡಿಗಳ ಬೀದಿ ಇದೆ ನಿಪ್ಪೊಂಬಾಶಿಯಲ್ಲಿ, ಅದರ ಹಿಂದಿನ ಸಣ್ಣ ಓಣಿ. ಹೊರಗೆ ನಮ್ಮ ಧ್ವಜ, ಒಳಗೆ ಹಿಮಾಲಯದ ಫೋಟೋ. ಜಪಾನಿನಲ್ಲಿ 'ಇಂಡಿಯನ್' ಅಂತ ಬೋರ್ಡ್ ಇರುವ ಎಷ್ಟೋ ಸಣ್ಣ ಹೋಟೆಲುಗಳನ್ನು ನಡೆಸುವವರು ನೇಪಾಳದವರು, ಹಾಗಾಗಿ ಹಿಂದಿ ನಡೆಯುತ್ತದೆ. ಮಧ್ಯಾಹ್ನದ ಸೆಟ್ 850 ಯೆನ್. ಒಂದು ಪಲ್ಯದ ಕರಿ ಅಥವಾ ದಾಲ್, ಕಿತ್ತಳೆ ಬಣ್ಣದ ಏನೋ ಸುರಿದ ಕೋಸಿನ ಸಲಾಡ್, ಸಣ್ಣ ಲಸ್ಸಿ, ಮತ್ತು ನಾನ್. ಆನೆಯ ಕಿವಿಯಷ್ಟು ದೊಡ್ಡದು, ತಟ್ಟೆಯಿಂದ ಹೊರಗೆ ಜೋತುಬಿದ್ದಿರುತ್ತದೆ, ಸ್ವಲ್ಪ ಸಿಹಿ. ಮುಗಿದರೆ ಮತ್ತೊಂದು ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಮೊದಲ ದಿನ ಕರಿ ಸಪ್ಪೆ ಅನಿಸಿತು. ಎರಡನೇ ದಿನ ನಾನು ಗುರೆಳ್ಳು ಹಿಂಡಿಯ ಡಬ್ಬಿ ತೆಗೆದು ಮೇಲೆ ಉದುರಿಸಿಕೊಂಡೆ. ಅಡುಗೆಯವರು ಒಳಗಿನಿಂದ ನೋಡುತ್ತಿದ್ದರು, ಬಂದು ಒಂದು ಚಮಚ ಕೇಳಿದರು. ಬಾಯಿಗೆ ಹಾಕಿಕೊಂಡು ಎರಡು ನಿಮಿಷ ಏನೂ ಅನ್ನಲಿಲ್ಲ. ಮೂರನೇ ದಿನದಿಂದ ನನಗೆ ಮೆನುವಿನಲ್ಲಿ ಇಲ್ಲದ್ದು ಬರತೊಡಗಿತು, ಅವರು ತಮಗಾಗಿ ಮಾಡಿಕೊಂಡ ಬೇಳೆ, ಅನ್ನ, ಸೊಪ್ಪಿನ ಪಲ್ಯ, ಮೂಲಂಗಿ ಉಪ್ಪಿನಕಾಯಿ. ಅದೇ 850. ಒಂಬತ್ತು ಸಲ ಹೋದೆ. ಹೊರಡುವ ದಿನ ಉಳಿದ ಡಬ್ಬಿ ಅಲ್ಲೇ ಕೊಟ್ಟು ಬಂದೆ. ಇಂಥ ಅಂಗಡಿ ಓಣಿಗೊಂದು ಇರುತ್ತದೆ, ಮಧ್ಯಾಹ್ನವೇ ಹೋಗಿ, ರಾತ್ರಿ ರೇಟು ಬೇರೆ.

ಕ್ಯೋಟೋದಲ್ಲಿ ನಾಲ್ಕು ದಿನ ಇದ್ದೆ, ಒಂದು ದೇವಸ್ಥಾನವನ್ನೂ ನೋಡಲಿಲ್ಲ. ನವೆಂಬರ್‌ನಲ್ಲಿ ಎಲೆ ಕೆಂಪಾಗುತ್ತದೆ ಅಂತ ಜಗತ್ತೇ ಅಲ್ಲಿಗೆ ಬಂದಿರುತ್ತದೆ. ನಾನು ಹೋದದ್ದು ಪಕ್ಕದ ಊಜಿಯಲ್ಲಿರುವ, ಗೇಮ್ ಕಂಪನಿ ನಿಂಟೆಂಡೊದ ಮ್ಯೂಸಿಯಂಗೆ. 2024ರ ಅಕ್ಟೋಬರ್‌ನಲ್ಲಿ ಅವರ ಹಳೆಯ ಕಾರ್ಖಾನೆಯಲ್ಲೇ ತೆರೆದದ್ದು. ಟಿಕೆಟ್ 3,300 ಯೆನ್, ಆದರೆ ಹೋಗಿ ನಿಂತರೆ ಸಿಗುವುದಿಲ್ಲ. ಮೂರು ತಿಂಗಳು ಮೊದಲೇ ಲಾಟರಿಗೆ ಹೆಸರು ಹಾಕಬೇಕು. ಆದ್ದರಿಂದ ಮೊದಲು ಆ ತಾರೀಖು, ಆಮೇಲೆ ವಿಮಾನದ ಟಿಕೆಟ್. ಒಳಗೆ ಆಡಲು 10 ಡಿಜಿಟಲ್ ನಾಣ್ಯ ಕೊಡುತ್ತಾರೆ, ಮುಗಿದರೆ ಮುಗಿಯಿತು. ನಾನು ಬೆಪ್ಪನ ಹಾಗೆ ಮೊದಲ ಅರ್ಧ ತಾಸಿನಲ್ಲೇ ಎಂಟು ಖರ್ಚು ಮಾಡಿದೆ. ಅಲ್ಲಿ ಅವರ 1983ರ ಟಿವಿ ಗೇಮ್ ಮಶೀನ್ ಫ್ಯಾಮಿಕಾಮ್ ನೋಡಿ ಕಾಲು ನಿಂತಿತು. ಕೆಂಪು ಬಿಳಿ ಡಬ್ಬಿ, ಬದಿಗೆ ಸಿಕ್ಕಿಸಿದ ಎರಡು ರಿಮೋಟು. ನಮ್ಮ ಮನೆಯಲ್ಲಿ ಅಪ್ಪ ತಂದಿದ್ದ, ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದ ಆ '9999 ಗೇಮ್' ಟಿವಿ ಗೇಮ್ ಇದರದೇ ನಕಲು. ಅಸಲಿಯನ್ನು ಮೊದಲ ಸಲ ನೋಡಿದ್ದು ಮೂವತ್ತನೇ ವಯಸ್ಸಿಗೆ.

ಕೊಳ್ಳುವವರಿಗೆ ಒಂದು ಮಾತು. 2025ರಲ್ಲಿ ನಾನು ಹೋದಾಗ ನಿಂಟೆಂಡೊದ ಹೊಸ ಗೇಮ್ ಮಶೀನ್ ಸ್ವಿಚ್ 2 ಅಂಗಡಿಯಲ್ಲಿ 49,980 ಯೆನ್ ಇತ್ತು, ಅಂಥ ಬೆಲೆ ನೋಡಿ ಹಾರಬೇಡಿ. ಅದು ಜಪಾನಿ ಭಾಷೆಯದು ಮಾತ್ರ, ಜಪಾನ್ ಅಕೌಂಟ್ ಮಾತ್ರ ನಡೆಯುತ್ತದೆ. ಎಲ್ಲ ಭಾಷೆಯದು ಆಗ 69,980 ಇತ್ತು, ಅದು ಅಂಗಡಿಯಲ್ಲಿ ಇಡುವುದೇ ಇಲ್ಲ, ನಿಂಟೆಂಡೊದ ಸ್ವಂತ ಆನ್‌ಲೈನ್ ಸ್ಟೋರಿನಲ್ಲಿ ಮಾತ್ರ. ನನ್ನ ಹಿಂದೆ ಪಾಳಿಯಲ್ಲಿದ್ದ ಪುಣೆಯ ಹುಡುಗ ಹೇಳದಿದ್ದರೆ ನಾನು ಬಿಲ್ ಮಾಡಿಸಿಯೇ ಬಿಡುತ್ತಿದ್ದೆ. ಪಾಸ್‌ಪೋರ್ಟ್ ತೋರಿಸಿದರೆ 5,000 ಯೆನ್ ಮೇಲಿನ ಖರೀದಿಗೆ 10% ತೆರಿಗೆ ಬಿಡುತ್ತಾರೆ. 2026ರ ನವೆಂಬರ್ 1ರಿಂದ ಅದು ಬದಲಾಗುತ್ತದೆ, ಪೂರ್ತಿ ಕೊಟ್ಟು ಹೊರಡುವಾಗ ಏರ್‌ಪೋರ್ಟಿನಲ್ಲಿ ವಾಪಸ್ ಪಡೆಯಬೇಕು.

ನಾನು ತಂದದ್ದು ಫ್ಯಾಮಿಕಾಮ್‌ನ ನಂತರ ಬಂದ ಒಂದು ಹಳೆಯ ಸೂಪರ್ ಫ್ಯಾಮಿಕಾಮ್, ಸೆಕೆಂಡ್ ಹ್ಯಾಂಡ್. ಮನೆಗೆ ಬಂದ ರಾತ್ರಿ ಅವ್ವ ಅಂದಳು, "ಅಲ್ಲೋ, ಅಷ್ಟ ರೊಕ್ಕಾ ಸುರದು ಅಷ್ಟ ದೂರ ಹೋಗಿ ಅಲ್ಲೂ ಆಟಾನ ಆಡಿ ಬಂದ್ಯಾ?" ನಾನು ಉತ್ತರ ಹುಡುಕುವಷ್ಟರಲ್ಲಿ ತಮ್ಮ ಅದನ್ನು ಪ್ಲಗ್ಗಿಗೆ ಹಾಕಿದ್ದ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಹೊಸ ಚಾರ್ಜರುಗಳು ಎರಡನ್ನೂ ತಡೆಯುತ್ತವೆ, ಹಳೆಯ ಅಡಾಪ್ಟರು ತಡೆಯುವುದಿಲ್ಲ. "ಅಣ್ಣಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ" ಅಂದ. ಮರುದಿನ ಹಳೆಯ ರೇಡಿಯೋ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಕಾಕಾ ಕನ್ನಡಕ ಏರಿಸಿ ತಿರುಗಿಸಿ ನೋಡಿ, "ಈ ಮಶೀನ್ ಒಳಗ 10 ವೋಲ್ಟಿಂದು, ಮತ್ತ ಇದರ ಪಿನ್ನಿನ ಪ್ಲಸ್ ಮೈನಸ್ ಉಲ್ಟಾ ಐತಿ ನೋಡು, ಯಾವ್ದರ ಹಚ್ಚಬ್ಯಾಡ" ಅಂದರು. ಒಳಗಿನ ಫ್ಯೂಸ್ ಬದಲಿಸಿ, ಬೇರೆ ಅಡಾಪ್ಟರಿನ ವೈರು ತಿರುಗಿಸಿ ಬೆಸುಗೆ ಹಾಕಿಕೊಟ್ಟರು. 350 ರೂಪಾಯಿ. ಈಗ ಓಡುತ್ತಿದೆ.