ಸೋಡಾದವರ ಲೆಕ್ಕ

14 ಜೂನ್ 2025, ಶನಿವಾರ, ಹಾಸನ

ಬೆಳಿಗ್ಗೆಯಿಂದ ಜಡಿಮಳೆ. ಪೇಂಟಿನವರು ಇವತ್ತೂ ಬರಲಿಲ್ಲ. ಅದನ್ನ ಬಿಡಿ.

ಜುಲೈ 1ಕ್ಕೆ ಅಬಕಾರಿಯವರ ಹೊಸ ವರ್ಷ. ಆ ಹೊತ್ತಿಗೆ ನಮ್ಮ ಬಾರ್ ಬಾಗಿಲು ತೆಗೀಲೇಬೇಕು ಅಂತ ಭಾವನ ಹಟ. ಹಳೇ ಸಿಎಲ್-9 ಸನ್ನದನ್ನು, ಅಂದರೆ ಬಾರ್ ಲೈಸೆನ್ಸನ್ನು, ನಮ್ಮ ಹೆಸರಿಗೆ ಮಾಡಿಸೋ ಓಡಾಟದಲ್ಲೇ ಚಪ್ಪಲಿ ಸವೆದಿದೆ.

ಸಿಕ್ಕವರೆಲ್ಲ ಕೇಳೋದು ಒಂದೇ, ಎಣ್ಣೆ ಯಾರ ಹತ್ರ ತರ್ತೀರಿ ಅಂತ. ಅದರಲ್ಲಿ ಯೋಚನೆ ಮಾಡೋಕೆ ಏನಿದೆ? 2003ರಿಂದ ಎಲ್ಲರಿಗೂ ಸರ್ಕಾರದ ಮದ್ಯ ನಿಗಮ ಕೆಎಸ್‌ಬಿಸಿಎಲ್ ಡಿಪೋನೇ. ಇಂಡೆಂಟ್ ಅಂದರೆ ಆರ್ಡರ್ ಹಾಕು, ದುಡ್ಡು ಕಟ್ಟು, ಕೇಸ್ ಎತ್ತು. ರಂ ಕ್ವಾರ್ಟರ್ ಆದರೆ ಕೇಸಿಗೆ 48, ದೊಡ್ಡ ಬಿಯರ್ ಆದರೆ 12. ಸಾಲದ ಮಾತೇ ಇಲ್ಲ. ಕೈಯಲ್ಲಿರೋ ದುಡ್ಡೆಲ್ಲ ಅಲ್ಲಿಗೇ ಹೋಗುತ್ತೆ. ಸೋಡಾ, ಕೋಳಿ, ಮೊಟ್ಟೆ, ಕಡಲೆಬೀಜದವರು ಹದಿನೈದು ದಿನ ತಡ್ಕೊಂಡರೆ ಮಾತ್ರ ನಾವು ಉಳೀತೀವಿ.

ಅದಕ್ಕೇ ಸಂಜೆ ಸೋಡಾ ಫ್ಯಾಕ್ಟರಿಗೆ ಹೋದೆ. ಫ್ಯಾಕ್ಟರಿ ಅಂದರೆ ಶೀಟಿನ ಒಂದು ಶೆಡ್ಡು, ಒಂದು ಮಷೀನು. ಯಜಮಾನರು ಒದ್ದೆ ಕೈ ಪಂಚೆಗೆ ಒರೆಸಿಕೊಂಡು ಬಂದು ಕೂತರು. ದಾರಿಯುದ್ದಕ್ಕೂ ಕಲಿತುಕೊಂಡಿದ್ದ ಮಾತೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ವಾರಕ್ಕೆ ಇಷ್ಟು ಕ್ರೇಟು, ಹದಿನೈದು ದಿನಕ್ಕೊಂದ್ಸಲ ಲೆಕ್ಕ.

‘ಖಾಲಿ ಬಾಟ್ಲಿ ಯಾರು ಎಣಿಸ್ತಾರೆ?’ ಅಂದರು.

ಅದನ್ನ ನಾನು ಯೋಚನೆನೇ ಮಾಡಿರಲಿಲ್ಲ. ‘ಹುಡುಗರು ಇರ್ತಾರಲ್ಲ ಯಜಮಾನ್ರೇ’ ಅಂದೆ.

‘ಹುಡುಗ್ರು ಎಣಿಸೋದಿಲ್ಲ ಕಣಪ್ಪ, ಎಸೀತಾರೆ. ದುಡ್ಡು ನಾಕು ದಿನ ತಡ ಆದ್ರೂ ಆಗ್ಲಿ. ಬಾಟ್ಲಿ ಮಾತ್ರ ನೀನೇ ನಿಂತು ಎಣಿಸಿ ಕೊಡು. ಸೋಡಾ ಎಷ್ಟಾದ್ರೂ ತುಂಬ್ತೀನಿ, ಬಾಟ್ಲಿ ಎಲ್ಲಿಂದ ತರ್ಲಿ?’

ಹಿಂದೆ ಯಾರೋ ಒಬ್ಬರು ಬಾರ್ ಮುಚ್ಚಿಕೊಂಡು ಹೋದರಂತೆ, ಇವರ ಏಳು ಕ್ರೇಟು ಒಳಗೇ ಉಳೀತಂತೆ. ಈಗಲೂ ಆ ಮನುಷ್ಯ ಇವರನ್ನ ಕಂಡರೆ ರಸ್ತೆ ಆ ಕಡೆ ದಾಟ್ತಾನಂತೆ. ಇದನ್ನ ಹೇಳೋವಾಗ ಇವರಿಗೆ ಸಿಟ್ಟು ಇರಲಿಲ್ಲ. ನಕ್ಕರು. ನನಗೇ ಬೆವರು ಬಂತು.

ಏಳುವಾಗ, ‘ನೀನು ಮೇಷ್ಟ್ರ ಮಗ ಅಲ್ವಾ?’ ಅಂದರು. ಹೂಂ ಅಂದೆ. ಮತ್ತೇನೂ ಕೇಳಲಿಲ್ಲ. ಸಾಲ ಸಿಕ್ಕಿದ್ದು ನನ್ನ ಮುಖ ನೋಡಿ ಅಲ್ಲ ಅಂತ ಆಗ ಗೊತ್ತಾಯ್ತು. ನಾನು ಬಾರ್ ಮಾಡ್ತಿರೋದು ಗೊತ್ತಾದ ದಿನದಿಂದ ಅಪ್ಪ ನನ್ನ ಹತ್ರ ಮಾತು ಬಿಟ್ಟಿದ್ದಾರೆ.

ರಾತ್ರಿ ಭಾವ ಫೋನ್ ಮಾಡಿ ಮೆನುವಿಗೆ ಬಂಗಡೆ ಫ್ರೈ ಸೇರಿಸು ಅಂದರು. ಮಳೆಗಾಲದ ಮೀನುಗಾರಿಕೆ ನಿಷೇಧ, ಜುಲೈ 31ರ ತನಕ ಟ್ರಾಲ್ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ, ಇನ್ನು ಬಂಗಡೆ ಎಲ್ಲಿಂದ ಬರಬೇಕು? ಸಿಕ್ಕಿದರೂ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಲಾರಿ ಅಲ್ಲೇ. ಅವರಿಗೆ ಹೇಳಿ ಪ್ರಯೋಜನ ಇಲ್ಲ.

ಮೊದಲ ಇಂಡೆಂಟು ಇನ್ನೂ ಬರೆದಿಲ್ಲ. ಈ ಥಂಡಿಗೆ ರಂ ಜಾಸ್ತಿ ಹೋಗುತ್ತೆ, ಬಿಯರ್ ಕಮ್ಮಿ ಸಾಕು ಅನ್ಸುತ್ತೆ. ಹೇಗೂ ಬಿಯರ್ ಆರು ತಿಂಗಳಿಗೆಲ್ಲ ಹಳೇದಾಗುತ್ತೆ. ಇಪ್ಪತ್ತು ಕೇಸ್ ಅಂತ ಬರೆದು ಹೊಡೆದುಹಾಕಿದೆ. ಹಾಲ್‌ನಲ್ಲಿ ಅಪ್ಪ ಇನ್ನೂ ಎಚ್ಚರ ಇದ್ದಾರೆ, ಸೋಡಾದವರು ಕೇಳಿದ್ದನ್ನ ಹೇಳಿದರೆ...