ಚೀಸ್ ಕರಗಲಿಲ್ಲ, ಜ್ಯಾಮ್ ಸುಟ್ಟಿತು

ನಮ್ಮ ಕಿಚನ್‌ಗೆ ಬಂದ ಹೊಸ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್‌ನ ಸ್ಪೆಕ್ ಶೀಟ್‌ನಲ್ಲಿ, ಅಂದರೆ ಏನು ಹಾಕಬೇಕು, ಹೇಗೆ ಮಾಡಬೇಕು ಅಂತ ಬರೆದ ಹಾಳೆಯಲ್ಲಿ, ಇದ್ದದ್ದು ಇಷ್ಟೇ. ಸಾರ್‌ಡೋ (ಹುಳಿ ಹಿಟ್ಟಿನ ಬ್ರೆಡ್) ಎರಡು ಸ್ಲೈಸ್, ಎರಡು ವರ್ಷ ಹಳೇ ಚೆಡ್ಡರ್, ಬ್ರೀ, ಅಂಜೂರದ ಜ್ಯಾಮ್, ಕ್ಯಾರಮಲೈಸ್ ಮಾಡಿದ ಈರುಳ್ಳಿ, ಪಿಯರ್ ಹೋಳು, ಹುರಿದ ವಾಲ್‌ನಟ್. ಹೊರಗಡೆ ಬೆಣ್ಣೆ. ಪಿಕಪ್ ಟೈಮ್, ಅಂದರೆ ಮಾಡಿ ಹೊರಗೆ ಕೊಡೋಕೆ ಸಿಗುವ ಸಮಯ, 6 ನಿಮಿಷ. ಆ ಆರು ನಿಮಿಷ ಯಾರು ಲೆಕ್ಕ ಹಾಕಿದರೋ ಗೊತ್ತಿಲ್ಲ. ಫ್ಲಾಟ್ ಟಾಪ್, ಅಂದರೆ ಗ್ರಿಲ್ ಮಾಡುವ ಬಿಸಿ ಲೋಹದ ಪ್ಲೇಟ್, ಅದರ ಮುಂದೆ ನಿಲ್ಲುವವರಂತೂ ಅಲ್ಲ.

ಟೇಸ್ಟಿಂಗ್ ದಿನ ಅದನ್ನು ಮಾಡಿ ತೋರಿಸಿದ್ದು ನಾನೇ. ಒಂದೇ ಪೀಸ್, ಸಣ್ಣ ಉರಿ, ಹಿಂದೆ ಯಾರೂ ಕೂಗುವವರಿಲ್ಲ. ಚೀಸ್ ಫೋಟೊ ತೆಗೆಯೋಕೆ ಅಂತ ತುಂಬಾ ಹೊತ್ತು ಕೌಂಟರ್ ಮೇಲೇ ಕೂತಿತ್ತು. ಮೆತ್ತಗಾಗಿತ್ತು. ಬ್ರೆಡ್ ಕೆಂಪಾಗುವಷ್ಟರಲ್ಲಿ ಒಳಗೆಲ್ಲ ಕರಗಿ, ಕತ್ತರಿಸಿದಾಗ ಉದ್ದಕ್ಕೆ ಎಳೆ ಬಂತು. ಉಪ್ಪು, ಸಿಹಿ, ಸ್ವಲ್ಪ ಹುಳಿ, ಎಲ್ಲ ಸರಿಯಾಗಿ ಕೂತಿತ್ತು. ಮ್ಯಾನೇಜರ್ ಅರ್ಧ ತಿಂದು, ಇನ್ನರ್ಧವನ್ನು ಕಟ್ಟಿಸಿಕೊಂಡು ಹೋದರು. ವಾರಾಂತ್ಯದ ಮೆನುವಿಗೆ ಸೇರಿತು.

ಮೊದಲ ಶನಿವಾರ ಮಧ್ಯಾಹ್ನ ಆರ್ಡರ್ ಪ್ರಿಂಟರ್ ನಿಲ್ಲಲೇ ಇಲ್ಲ. ಆರ್ಡರ್ ಕೂಗಿ ಹೇಳುವ ಎಕ್ಸ್‌ಪೋ "ಗ್ರಿಲ್ಡ್ ಚೀಸ್ ನಾಲ್ಕು ಫೈರ್, ಏಳು ಆಲ್ ಡೇ" ಅಂದಳು. ಅಂದರೆ ನಾಲ್ಕು ಈಗಲೇ ಹಾಕು, ಒಟ್ಟು ಏಳು ಬೇಕು. ನಾಲ್ಕನ್ನು ಸಾಲಾಗಿ ಹಾಕಿದೆ. ಪ್ರೆಪ್‌ನವರು, ಅಂದರೆ ಮುಂಚಿತವಾಗಿ ತಯಾರಿ ಮಾಡುವವರು, ಎಲ್ಲವನ್ನೂ ಮೊದಲೇ ಜೋಡಿಸಿ ಲೋಬಾಯ್‌ನಲ್ಲಿ, ಕೌಂಟರ್ ಕೆಳಗಿನ ಫ್ರಿಜ್‌ನಲ್ಲಿ, ಇಟ್ಟಿದ್ದರು. ನೋಡೋಕೆ ಅಚ್ಚುಕಟ್ಟು. ಕೈಗೆ ಮಂಜುಗಡ್ಡೆ.

ಮೂರು ನಿಮಿಷಕ್ಕೆ ತಿರುಗಿಸಿದೆ. ಬಣ್ಣ ಚೆನ್ನಾಗಿತ್ತು. ಇನ್ನೆರಡು ನಿಮಿಷ ಬಿಟ್ಟು ಮೇಲಿನ ಸ್ಲೈಸ್ ಸ್ವಲ್ಪ ಎತ್ತಿ ನೋಡಿದೆ. ಚೆಡ್ಡರ್ ಹಲಗೆ ಹಾಗೇ ನಿಂತಿತ್ತು. ಮೂಲೆ ಕೂಡ ಬಾಗಿರಲಿಲ್ಲ. ತಡವಾಗುತ್ತಿದೆ ಅಂತ ಆರ್ಡರ್ ಸ್ಕ್ರೀನ್ ಹಳದಿಗೆ ತಿರುಗಿತು. ತಟ್ಟೆಗಳು ಹೊರಡುವ ಕೌಂಟರ್, ಪಾಸ್‌ನಿಂದ ಕೂಗು. ಸಲಾಡ್ ಸ್ಟೇಶನ್‌ನ ಹುಡುಗ ನನ್ನ ಕಡೆ ನೋಡಿ "ಕ್ಲೋಶ್ ಹಾಕು, ಉರಿ ಇಳಿಸು" ಅಂದ. ಕ್ಲೋಶ್ ಅಂದರೆ ಗುಮ್ಮಟದ ಹಾಗಿರುವ ಮುಚ್ಚಳ. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ನಾಬ್ ಕಡೆ ಕೈ ಹಾಕಿದೆ.

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಈಗಲೂ ಹೇಳಬಲ್ಲೆ. ನಾಲ್ಕು ತಣ್ಣನೆ ಸ್ಯಾಂಡ್‌ವಿಚ್ ಒಟ್ಟಿಗೆ ಬಿದ್ದಿದೆ, ಪ್ಲೇಟ್ ತಣ್ಣಗಾಗಿದೆ, ಅದಕ್ಕೇ ಚೀಸ್ ಕರಗುತ್ತಿಲ್ಲ, ಉರಿ ಜಾಸ್ತಿ ಮಾಡಿದರೆ ಸರಿಹೋಗುತ್ತೆ. ತರ್ಕ ಕೇಳೋಕೆ ಚೆನ್ನಾಗಿದೆ, ಅಲ್ವಾ? 160 ಡಿಗ್ರಿಯಲ್ಲಿದ್ದದ್ದನ್ನು 200ಕ್ಕೆ ತಿರುಗಿಸಿದೆ. ಸಾಲದು ಅಂತ ಸ್ಟೀಕ್ ವೇಟ್ (ಮಾಂಸ ಒತ್ತುವ ಲೋಹದ ತೂಕ) ತೆಗೆದು ಎರಡರ ಮೇಲೆ ಇಟ್ಟು ಒತ್ತಿದೆ.

ಮುಂದಿನ ಒಂದೂವರೆ ನಿಮಿಷದಲ್ಲಿ ಎಲ್ಲವೂ ಒಂದರ ಹಿಂದೆ ಒಂದು ಕೆಟ್ಟಿತು. ಬೆಣ್ಣೆ ಹೊಗೆಯಾಡಿತು. ಒತ್ತಿದ ಎರಡರಿಂದ ಪಿಯರ್ ನೀರು ಹೊರಗೆ ಬಂತು, ಅದರ ಜೊತೆ ಜ್ಯಾಮ್ ಜಾರಿತು. ಜ್ಯಾಮ್ ಪ್ಲೇಟ್ ಮುಟ್ಟಿದ್ದೇ ತಡ, ಗುಳ್ಳೆ, ಆಮೇಲೆ ಕಂದು, ಆಮೇಲೆ ಕಪ್ಪು. ಟಾರು ಅಂಟಿದ ಹಾಗೆ ಅಂಟಿತು. ಚೆಡ್ಡರ್ ಕೊನೆಗೂ ಬಿಸಿಯಾಯಿತು, ಆದರೆ ಕರಗುವ ಬದಲು ಬೆವರಿತು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ರಬ್ಬರಿನಂಥ ಮುದ್ದೆ. ಬ್ರೆಡ್ಡಿನ ಅಂಚು ಇದ್ದಿಲು. ಮಧ್ಯದಲ್ಲಿ ಬ್ರೀ ಇನ್ನೂ ತಣ್ಣಗೆ.

ಸ್ಕ್ರೀನ್ ಕೆಂಪು. "ಗ್ರಿಲ್ಡ್ ಚೀಸ್ ಎಲ್ಲಿ?" ಅಂತ ಎಕ್ಸ್‌ಪೋ ಮೂರನೇ ಸಲ ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಸ್ಕ್ರೇಪರ್ ಹುಡುಕುತ್ತಿದ್ದೆ. ಸರಿಯಾಗಿ ಕೆರೆಯುವಷ್ಟು ಹೊತ್ತಿಲ್ಲ ಅಂತ ಅರ್ಧ ಕೆರೆದು, ಮುಂದಿನ ಮೂರನ್ನು ಅದೇ ಜಾಗದಲ್ಲಿ ಹಾಕಿದೆ. ಇದು ಮೊದಲಿನದ್ದಕ್ಕಿಂತ ದೊಡ್ಡ ಪೆದ್ದುತನ. ಸುಟ್ಟ ಸಕ್ಕರೆಯ ಕಹಿ ಆ ಮೂರಕ್ಕೂ ಹತ್ತಿತು. ಪಕ್ಕದಲ್ಲಿದ್ದ ಬರ್ಗರ್ ಬನ್‌ಗಳಿಗೂ. ರೀಫೈರ್ ಮೇಲೆ ರೀಫೈರ್, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋದು. ಕೊನೆಗೆ ಸೂ ಶೆಫ್ (ಮುಖ್ಯ ಶೆಫ್ ನಂತರದವರು) ಬಂದು "86" ಅಂದರು, ಅಂದರೆ ಈ ಐಟಂ ಇನ್ನಿಲ್ಲ. ಬೋರ್ಡಿನಿಂದ ತೆಗೆದರು. ಬೈಯಲಿಲ್ಲ. ಸುಮ್ನೆ ನನ್ನ ಪ್ಲೇಟ್ ಅರ್ಧ ಭಾಗ ಆಫ್ ಮಾಡಿ ಹೋದರು. ಬೈದಿದ್ದರೇ ವಾಸಿಯಿತ್ತು.

ಶಿಫ್ಟ್ ಮುಗಿದ ಮೇಲೆ ಪ್ಲೇಟ್ ಕೆರೆಯುತ್ತಾ ಯೋಚಿಸಿದೆ. ಗ್ರಿಲ್ಡ್ ಚೀಸ್‌ನಲ್ಲಿ ಎರಡು ಗಡಿಯಾರ ಓಡುತ್ತಿರುತ್ತೆ. ಬ್ರೆಡ್ ಕೆಂಪಗಾಗೋಕೆ ಅದರ ಮೇಲ್ಮೈ 140 ಡಿಗ್ರಿ ದಾಟಬೇಕು. ಚೆಡ್ಡರ್ ಕರಗೋಕೆ 65ರ ಆಸುಪಾಸು ಸಾಕು. ಕೇಳಿದರೆ ಚೀಸೇ ಮೊದಲು ಕರಗಬೇಕು ಅನ್ನಿಸುತ್ತೆ. ಆದರೆ ಬ್ರೆಡ್ ಪ್ಲೇಟಿಗೆ ಅಂಟಿ ಕೂತಿದೆ, ಚೀಸ್ ಬ್ರೆಡ್ಡಿನ ಆಚೆ ಇದೆ. ಬ್ರೆಡ್ ತುಂಬ ಗಾಳಿ ತೂತು, ಬಿಸಿ ನಿಧಾನಕ್ಕೆ ದಾಟುತ್ತೆ. 4 ಡಿಗ್ರಿಯ ದಪ್ಪ ಹಲಗೆ ಒಳಗಿಟ್ಟರೆ ಇನ್ನೂ ನಿಧಾನ. ಉರಿ ಏರಿಸಿದಾಗ ಓಡುವುದು ಬ್ರೆಡ್ಡಿನ ಗಡಿಯಾರ ಮಾತ್ರ. ಚೀಸ್‌ದು ಹಾಗೇ ತೆವಳುತ್ತೆ.

ಸಿಹಿ ಸೇರಿಸಿದರೆ ಇನ್ನೊಂದು ತಲೆನೋವು. ಅಂಜೂರದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿ. ಮಾಮೂಲಿ ಸಕ್ಕರೆ ಕ್ಯಾರಮಲ್ ಆಗೋದು 160 ಡಿಗ್ರಿ ಹತ್ತಿರ, ಫ್ರಕ್ಟೋಸ್ 110ಕ್ಕೇ ಶುರು ಮಾಡುತ್ತೆ. ಅಂದರೆ ನಮ್ಮ ಪ್ಲೇಟ್ ಯಾವ ಉರಿಯಲ್ಲಿದ್ದರೂ ಜ್ಯಾಮ್ ಅದನ್ನು ಮುಟ್ಟಿದರೆ ಸುಡುವುದೇ. ಪಿಯರ್‌ನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ನೀರು. ಅದು ಬಿಸಿಯಾದರೆ ಆವಿ, ಆವಿ ಬ್ರೆಡ್ಡಿಗೆ, ಬ್ರೆಡ್ ಒಳಗಿಂದ ಹಸಿ.

ಆ ಹಳೇ ಚೆಡ್ಡರ್ ಬಗ್ಗೆ ಒಂದು ಮಾತು. ಮೆನುವಿನಲ್ಲಿ ಓದೋಕೆ ಭರ್ಜರಿ. ರುಚಿಯೂ ನಿಜಕ್ಕೂ ಆಳ. ಆದರೆ ಚೀಸ್ ಹಳೆಯದಾದಷ್ಟೂ ಅದರ ಪ್ರೋಟೀನ್ ಬಲೆ ತುಂಡಾಗಿರುತ್ತೆ, ನೀರೂ ಕಮ್ಮಿ. ಬಿಸಿ ತಾಕಿದರೆ ಕೊಬ್ಬನ್ನು ಹಿಡಿದಿಡೋಕೆ ಆಗಲ್ಲ, ಎಣ್ಣೆ ಬಿಡುತ್ತೆ. ಕೆಲವು ತಿಂಗಳ ಎಳೇ ಚೆಡ್ಡರ್, ಗ್ರುಯೇರ್, ಫೊಂಟೀನಾ ಇವೆಲ್ಲ ಮರ್ಯಾದೆಯಿಂದ ಕರಗುತ್ತವೆ. ಪ್ಲಾಸ್ಟಿಕ್ ಸುತ್ತಿದ ಪ್ರೋಸೆಸ್ಡ್ ಸ್ಲೈಸನ್ನು ನೋಡಿ ಮೂಗು ಮುರಿಯುವವರು ಇದ್ದಾರೆ. ಅದರಲ್ಲಿ ಇರುವ ಸೋಡಿಯಂ ಸಿಟ್ರೇಟ್‌ನಂಥ ಲವಣಗಳ ಕೆಲಸವೇ ಕೊಬ್ಬು, ನೀರು ಬೇರೆಯಾಗದ ಹಾಗೆ ನೋಡಿಕೊಳ್ಳೋದು. ಅಮೆರಿಕದ ಜೇಮ್ಸ್ ಕ್ರಾಫ್ಟ್ ತನ್ನ ಪ್ರೋಸೆಸ್ಡ್ ಚೀಸ್‌ಗೆ ಪೇಟೆಂಟ್ ಪಡೆದದ್ದು 1916ರಲ್ಲಿ. ನೂರು ವರ್ಷ ದಾಟಿದ ಮೇಲೂ ಕರಗುವುದರಲ್ಲಿ ಅದನ್ನು ಸೋಲಿಸೋದು ಕಷ್ಟ. ನಮ್ಮ ಮಿಕ್ಸ್‌ನಲ್ಲಿ ಈಗ ಅದೂ ಸ್ವಲ್ಪ ಇದೆ. ಮೆನುವಿನಲ್ಲಿ ಇಲ್ಲ.

ಮ್ಯಾನೇಜ್‌ಮೆಂಟ್ ಕಂಡುಕೊಂಡ ಪರಿಹಾರ ಪಾನಿನಿ ಪ್ರೆಸ್. ನಮ್ಮನ್ನು ಕೇಳದೆ ಬಂತು. ಎರಡೂ ಕಡೆಯಿಂದ ಬಿಸಿ, ಸಮಯ ಅರ್ಧ ಅಂತ ಮೇಲ್ ಬಂದಿತ್ತು. ಹ್ಯಾಮ್ ಚೀಸ್‌ಗೆ ಪರವಾಗಿಲ್ಲ. ಜ್ಯಾಮ್, ಪಿಯರ್ ಇರುವ ಸ್ಯಾಂಡ್‌ವಿಚ್ ಮೇಲೆ ಅದನ್ನು ಇಳಿಸಿದರೆ ನಾನು ಸ್ಟೀಕ್ ವೇಟ್‌ನಲ್ಲಿ ಮಾಡಿದ್ದನ್ನೇ ಅದು ಕರೆಂಟ್ ಖರ್ಚು ಮಾಡಿ ಮಾಡುತ್ತೆ. ಗೆರೆಗಳ ಸಂದಿಯಲ್ಲಿ ಕೂತ ಜ್ಯಾಮ್ ತೆಗೆಯೋಕೆ ರಾತ್ರಿ ಯಾರು ನಿಲ್ಲುತ್ತಾರೆ? ಅದರ ಜೊತೆ ಪರ್ಚೇಸಿಂಗ್‌ನವರು ಕೆಲಸ ಉಳಿಯಲಿ ಅಂತ ಮೊದಲೇ ತುರಿದ ಚೀಸ್ ಚೀಲ ಕಳಿಸಿದರು. ಎಳೆಗಳು ಅಂಟದಿರಲಿ ಅಂತ ಆ ಚೀಲದ ಚೀಸ್‌ಗೆ ಸ್ಟಾರ್ಚ್ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ. ಕರಗಿದರೆ ಮರಳು ಮರಳು. ವಾಪಸ್ ಕಳಿಸಿದೆವು. ಬ್ಲಾಕ್ ತಂದು ನಾವೇ ತುರಿಯುತ್ತೇವೆ.

ಕೆಲಸಕ್ಕೆ ಬಂದದ್ದು ಸಲಾಡ್ ಹುಡುಗ ಹೇಳಿದ ಕ್ಲೋಶ್. ಅದರ ಮೇಲೆ ಒಂದು ಬದಲಾವಣೆ ನಾವೆಲ್ಲ ಸೇರಿ ಮಾಡಿದ್ದು: ಸ್ಯಾಂಡ್‌ವಿಚ್ಚನ್ನು ಮುಚ್ಚಿ ಪ್ಲೇಟಿಗೆ ಹಾಕೋದೇ ಇಲ್ಲ. ಎರಡು ಸ್ಲೈಸನ್ನೂ ಬಿಡಿಸಿ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ, ಪಕ್ಕಪಕ್ಕ 150ರ ಪ್ಲೇಟ್ ಮೇಲೆ. ಹೊರಗಡೆಗೆ ತೆಳ್ಳಗೆ ಮೇಯೊ (ಮೇಯೊನೇಸ್), ಅದರ ಮೇಲೆ ಹೆಸರಿಗೆ ಬೆಣ್ಣೆ. ಬರೀ ಬೆಣ್ಣೆಯಾದರೆ ಅದರ ಹಾಲಿನ ಅಂಶ ಬೇಗ ಕಪ್ಪಾಗುತ್ತೆ, ಮೇಯೊ ಎಣ್ಣೆ ಸ್ವಲ್ಪ ತಾಳುತ್ತೆ, ಬಣ್ಣವೂ ಒಂದೇ ಸಮ. ತುರಿದ ಚೀಸ್ ಎರಡು ಸ್ಲೈಸಿನ ಮೇಲೂ. ಮುಕ್ಕಾಲು ಎಳೆಯದು (ಆ ಪ್ರೋಸೆಸ್ಡ್ ಸ್ವಲ್ಪವೂ ಅದರಲ್ಲೇ), ಕಾಲು ಭಾಗ ಆ ಹಳೇ ಚೆಡ್ಡರ್, ರುಚಿಗೆ. ಬ್ರೀ ಒಂದು ಕಡೆ, ಸಿಪ್ಪೆ ತೆಗೆದು, ಯಾಕೆಂದರೆ ಆ ಬಿಳಿ ಸಿಪ್ಪೆ ಕರಗಲ್ಲ. ಬ್ರೆಡ್ಡಿನ ಪಕ್ಕ ಪ್ಲೇಟ್ ಮೇಲೆ ನಾಲ್ಕು ಹನಿ ನೀರು, ಮೇಲೆ ಕ್ಲೋಶ್. ಆವಿ ಮೇಲಿಂದ ಚೀಸ್ ಕರಗಿಸುತ್ತೆ, ಪ್ಲೇಟ್ ಕೆಳಗಿಂದ ಬ್ರೆಡ್ ನೋಡಿಕೊಳ್ಳುತ್ತೆ. ಕೊನೇ ಅರ್ಧ ನಿಮಿಷ ಕ್ಲೋಶ್ ತೆಗೆದು ತೇವ ಹೋಗೋಕೆ ಬಿಡಬೇಕು.

ಜ್ಯಾಮ್, ಪಿಯರ್, ವಾಲ್‌ನಟ್ ಒಳಗೆ ಹೋಗೋದು ಆಮೇಲೆ. ಬ್ರೆಡ್ ಪ್ಲೇಟ್ ಬಿಟ್ಟ ಮೇಲೆ. ಕರಗಿದ ಚೀಸಿನ ನಡುವೆ, ಅಂಚಿನಿಂದ ಒಂದು ಬೆರಳು ಬಿಟ್ಟು. ಅವಕ್ಕೆ ಬೇಯುವ ಅಗತ್ಯವೇ ಇರಲಿಲ್ಲ! ಜ್ಯಾಮ್ ಆಗಲೇ ಬೆಂದದ್ದು, ಪಿಯರ್ ಹಸಿಯಾಗೇ ಚೆನ್ನ. ನಾವು ಇಷ್ಟು ದಿನ ಅವನ್ನು ಯಾಕೆ ಬೆಂಕಿ ಮೇಲೆ ಕೂರಿಸುತ್ತಿದ್ದೆವು ಅಂತ ಕೇಳಿದರೆ ಉತ್ತರ ಒಂದೇ, ಸ್ಪೆಕ್‌ನ ಫೋಟೊದಲ್ಲಿ ಹಾಗಿತ್ತು.

ಈರುಳ್ಳಿ ಮಾತ್ರ ಮೊದಲೇ ಹಾಕುತ್ತೇವೆ. ಹತ್ತು ನಿಮಿಷದಲ್ಲಿ ಕ್ಯಾರಮಲೈಸ್ ಆಗುತ್ತೆ ಅಂತ ಬರೆಯುವವರನ್ನು ಒಂದು ಶಿಫ್ಟ್ ಪ್ರೆಪ್‌ಗೆ ಹಾಕಬೇಕು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಕು, ನೀರೆಲ್ಲ ಹೋಗಿ ಮುದ್ದೆಯಾಗಬೇಕು. ಅರೆಬರೆ ಆದರೆ ಅದೂ ಪಿಯರ್ ಹಾಗೇ ನೀರು ಬಿಡುತ್ತೆ. ಕೊನೆಯಲ್ಲಿ ಒಂದು ಚಮಚ ವಿನೆಗರ್. ಅದಿಲ್ಲದಿದ್ದರೆ ಜ್ಯಾಮಿನ ಸಿಹಿ, ಈರುಳ್ಳಿಯ ಸಿಹಿ, ಚೀಸಿನ ಕೊಬ್ಬು ಸೇರಿ ನಾಲ್ಕನೇ ತುತ್ತಿಗೆ ನಾಲಿಗೆ ಬೇಸರ ಪಡುತ್ತೆ. ಒಂದು ಸ್ಲೈಸಿಗೆ ಸಾಸಿವೆ ಪೇಸ್ಟ್ ಸವರೋದೂ ಅದಕ್ಕೇ.

ಇಳಿಸಿದ್ದನ್ನು ನೇರ ತಟ್ಟೆಗೆ ಹಾಕಬೇಡಿ. ಒಂದು ನಿಮಿಷ ರ್‍ಯಾಕ್ ಮೇಲಿರಲಿ, ಇಲ್ಲದಿದ್ದರೆ ಕೆಳಗಿನ ಸ್ಲೈಸ್ ತನ್ನದೇ ಆವಿಗೆ ಮೆತ್ತಗಾಗುತ್ತೆ. ಎಕ್ಸ್‌ಪೋಗೆ ಈ ಒಂದು ನಿಮಿಷ ಅಂದರೆ ಆಗಲ್ಲ. ದಿನಾ ಜಗಳ.

ಪಿಕಪ್ ಟೈಮನ್ನು ಎಂಟು ನಿಮಿಷ ಮಾಡಿ ಅಂತ ಕೇಳಿದ್ದೇವೆ. "ಡೇಟಾ ನೋಡಿ ಹೇಳುತ್ತೇವೆ" ಅಂದಿದ್ದಾರೆ. ಅಷ್ಟರಲ್ಲಿ ಮುಂದಿನ ಸೀಸನ್‌ಗೆ ಬ್ಲೂ ಚೀಸ್, ಸೇಬು, ಜೇನುತುಪ್ಪದ ಹೊಸ ಶೀಟ್ ಬಂದಿದೆ. ಅದರಲ್ಲಿ ಜೇನು ಬ್ರೆಡ್ಡಿನ ಹೊರಗಡೆ ಸವರಿ ಗ್ರಿಲ್ ಮಾಡಿ ಅಂತ ಬರೆದಿದ್ದಾರೆ, ಬಣ್ಣ ಬರಲಿ ಅಂತ. ಬಣ್ಣ ಬರುತ್ತೆ, ಯಾವ ಬಣ್ಣ ಅಂತ ನನಗೆ ಗೊತ್ತು. ನಾನು ಶೀಟ್ ಮೇಲೆ ಕೆಂಪು ಪೆನ್ನಲ್ಲಿ "ಜೇನು ಕತ್ತರಿಸಿದ ಮೇಲೆ, ಪಾಸ್‌ನಲ್ಲಿ" ಅಂತ ಬರೆದು ವಾಪಸ್ ಕೊಟ್ಟಿದ್ದೇನೆ. ಸಲಾಡ್ ಹುಡುಗ ಅದರ ಕೆಳಗೆ ತನ್ನ ಸಹಿಯನ್ನೂ ಹಾಕಿದ್ದಾನೆ.